ಮೂರನೆಯ ವಿಷಲ್

ಪೀ, ಪೀ, ಪೀ. ಮೂರು ಸಲ, ಗಿಡ್ಡಗಿಡ್ಡವಾಗಿ.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿಯವಳ ಕೂಗು, ರಿವರ್ಸ್ ತೆಗೆಯುವ ಬಸ್ಸುಗಳ ಗೊರಗೊರ, ಎಲ್ಲದರ ನಡುವೆಯೂ ಆ ವಿಷಲ್ ನನ್ನ ಕಿವಿಗೆ ಬೇರೆಯಾಗಿ ಬಂದು ತಲುಪುತ್ತಿತ್ತು. ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು, ಒಂದು ವಿಷಲ್ ಅಂದರೆ ನಿಲ್ಲಿಸು, ಎರಡು ಅಂದರೆ ರೈಟ್, ಹೊರಡು. ಮೂರು ಅನ್ನುವುದು ಯಾವ ರೂಲ್ ಬುಕ್ಕಿನಲ್ಲೂ ಇರಲಿಕ್ಕಿಲ್ಲ. ಅದು ನನಗಾಗಿ ಹುಟ್ಟಿದ್ದು. ವೀಲ್‌ಚೇರಿನ ಅಮ್ಮ ಬಂದಿದ್ದಾರೆ, ಬಸ್ಸನ್ನು ಕಟ್ಟೆಗೆ ಒತ್ತಿ ನಿಲ್ಲಿಸು, ನಾನು ಹೇಳುವ ತನಕ ಗೇರ್ ಮುಟ್ಟಬೇಡ ಎಂದು ಅರಕಲಗೂಡು ಬಸ್ಸಿನ ಕಂಡಕ್ಟರು ತಮ್ಮ ಡ್ರೈವರಿಗೆ ಹೇಳುತ್ತಿದ್ದ ಮಾತು ಅದು.

ಬೆನ್ನಿನ ಆಪರೇಷನ್ ಆದ ಮೇಲೆ ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಮೂವತ್ತು ವರ್ಷ ನಿಂತುಕೊಂಡೇ ಇಂಗ್ಲಿಷ್ ಪಾಠ ಮಾಡಿದವಳು ಕೂತುಬಿಟ್ಟೆ. ಮದುವೆಯಾಗಿರಲಿಲ್ಲ, ತೆಂಗಿನಕಾಯಿ ಮಂಡಿ ನಡೆಸುವ ತಮ್ಮ ತನ್ನ ಮನೆಗೆ ಕರೆದುಕೊಂಡು ಬಂದ. ಮನೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲೇ ಇದೆ. ಚಕ್ರ ತಳ್ಳಿಕೊಂಡು ಅಲ್ಲಿವರೆಗೆ ನಾನೊಬ್ಬಳೇ ಹೋಗಬಲ್ಲೆ. ಅಲ್ಲಿಂದ ಮುಂದೆ ಮೂರು ಮೆಟ್ಟಿಲು. ಬಸ್ಸಿನ ಆ ಮೂರು ಮೆಟ್ಟಿಲುಗಳಷ್ಟು ಎತ್ತರದ ಜಾಗ ನನ್ನ ಪಾಲಿಗೆ ಬೇರೊಂದಿಲ್ಲ. ನೆಲಕ್ಕೆ ಬಗ್ಗಿ ನಿಲ್ಲುವ ಬಸ್ಸು, ಬಾಗಿಲಿನಿಂದ ಹಲಗೆ ಚಾಚುವ ಬಸ್ಸು ಎಲ್ಲ ಟೀವಿಯಲ್ಲಿ ನೋಡಿದ್ದೇನೆ. ವೆರಿ ನೈಸ್. ನಮ್ಮ ಕಡೆಗೆ ಬರುವಾಗ ಬರಲಿ.

ನಾನು ಹೋಗಬೇಕಾಗಿದ್ದದ್ದು ಅರಕಲಗೂಡಿಗೆ, ನನ್ನ ಗೆಳತಿಯ ಮನೆಗೆ. ಹಾಸನದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಊಟದ ಹಾಲಿನಲ್ಲಿ ಸೈಲೆನ್ಸ್ ರೂಲ್ ಇತ್ತು, ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದು ಕೇಳಬಾರದು. ಹಾಗಾಗಿ ಮೇಜಿನ ಕೆಳಗೆ ಒಬ್ಬಳ ಅಂಗೈ ಮೇಲೆ ಇನ್ನೊಬ್ಬಳು ಬೆರಳಿನಲ್ಲಿ ಇಂಗ್ಲಿಷ್ ಅಕ್ಷರ ಬರೆಯುವುದು ಕಲಿತೆವು. ಸಾರಿಗೆ ಉಪ್ಪಿಲ್ಲ ಎನ್ನುವುದರಿಂದ ಹಿಡಿದು ಯಾವ ಸಿಸ್ಟರಿಗೆ ಇವತ್ತು ಕೋಪ ಎನ್ನುವವರೆಗೆ ಎಲ್ಲವನ್ನೂ ಬರೆದಿದ್ದೇವೆ. ಆ ಮಕ್ಕಳಾಟ ಮುದುಕಿಯರಾದ ಮೇಲೆ ಕೆಲಸಕ್ಕೆ ಬಂತು. ಅವಳಿಗೆ ಈಗ ಕಿವಿ ಪೂರಾ ಹೋಗಿದೆ. ಮೆಸೇಜ್ ಓದೋಣವೆಂದರೆ ಹತ್ತಿರದ ಅಕ್ಷರಕ್ಕೆ ಕಣ್ಣು ಮಂಜು. ಫೋನಿನಿಂದ ನಮಗೆ ಏನೂ ಪ್ರಯೋಜನವಿಲ್ಲ. ಅವಳ ಜೊತೆ ಮಾತಾಡಬೇಕೆಂದರೆ ಅವಳ ಕೈ ನನ್ನ ಕೈಗೆ ಸಿಗಬೇಕು.

ತಮ್ಮ ತನ್ನ ಕಾರಿನಲ್ಲಿ ಎರಡು ಸಲ ಕರೆದುಕೊಂಡು ಹೋಗಿದ್ದ. ಬಾಗಿಲಲ್ಲಿ ಇಳಿಸಿ, ಹದಿನೈದು ನಿಮಿಷಕ್ಕೆ ಹಾರ್ನ್ ಹೊಡೆಯಲು ಶುರುಮಾಡಿದ. ಪಾಪ, ಮಂಡಿಯಲ್ಲಿ ಲಾರಿ ಕಾಯುತ್ತಿರುತ್ತದೆ. ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಆಡುವ ಮಾತು ಹದಿನೈದು ನಿಮಿಷಕ್ಕೆ ಹೌ ಆರ್ ಯೂ ದಾಟುವುದಿಲ್ಲ. ಆದ್ದರಿಂದ ಬಸ್ಸು.

ಮೊದಲ ಸಲ ಹೋದ ದಿನ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇಬ್ಬರು ಒಳ್ಳೆಯ ಮನುಷ್ಯರು ಓಡಿ ಬಂದು, "ಇಡ್ಕಳ್ಲಾ ಆ ಕಡೆ" ಎಂದು ಕುರ್ಚಿಯ ಎರಡು ಕೈಗಳನ್ನೂ ಹಿಡಿದು ಎತ್ತಿದರು. ವೀಲ್‌ಚೇರಿನ ಕೈಗಳು ಬಿಚ್ಚಿ ತೆಗೆಯುವಂಥವು. ಎಡಗಡೆಯದು ಸಲೀಸಾಗಿ ಕಳಚಿಕೊಂಡು ಬಂತು, ಕುರ್ಚಿ ವಾಲಿತು, ನಾನು ಕಡಲೆಕಾಯಿ ಸಿಪ್ಪೆಯ ಮೇಲೆ. ಕಳಚಿದ ಕೈಯನ್ನು ಹಿಡಿದುಕೊಂಡು ಆ ಮನುಷ್ಯ, "ಅಮ್ಮಾ, ನಿಮ್ಮ ಕುರ್ಚಿ ಮುರಿದೋಯ್ತು ಕಣಮ್ಮಾ" ಎಂದು ಅಳುವ ಹಾಗೆ ನಿಂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿದ್ದರೂ ನಾನು ಅವನಿಗೆ ಥ್ಯಾಂಕ್ ಯೂ ಅಂದೆ. ಕಾನ್ವೆಂಟಿನಲ್ಲಿ ನಮಗೆ ಪ್ಲೀಸ್, ಸಾರಿ, ಥ್ಯಾಂಕ್ ಯೂ ಕಲಿಸಿದ್ದರು. ಹಾಗಲ್ಲ, ಹೀಗೆ ಹಿಡಿಯಿರಿ ಎಂದು ಪರರಿಗೆ ಹೇಳುವುದನ್ನು ಕಲಿಸಿರಲಿಲ್ಲ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ತಮ್ಮ ಡೆಟಾಲ್ ಹಚ್ಚುತ್ತ ಹೇಳಿದ, "ನೋಡಕ್ಕ, ಇದೊಂದ್ಸಲ ಆಯ್ತು. ಇನ್ನೊಂದ್ಸಲ ಬಿದ್ದೆ ಅಂದ್ರೆ ಬಸ್ಸು ಗಿಸ್ಸು ಎಲ್ಲಾ ಬಂದ್. ಮನೇಲಿ ಟೀವಿ ಇಲ್ವಾ ನಿಂಗೆ?"

ಇನ್ನೊಂದು ಸಲ ಬಿದ್ದರೆ ಗೆಳತಿ ಇಲ್ಲ. ಲೆಕ್ಕ ಅಷ್ಟೇ.

ಮುಂದಿನ ವಾರ ನಾನು ಬಸ್ಸಿನ ಬಾಗಿಲ ಹತ್ತಿರ ಹೋಗಿ ಸುಮ್ಮನೆ ನಿಂತಿದ್ದೆ. ನಿಂತಿದ್ದೆ ಅನ್ನುತ್ತೇನೆ, ಓಲ್ಡ್ ಹ್ಯಾಬಿಟ್. ಐವತ್ತು ದಾಟಿದ ಕಂಡಕ್ಟರು ಇಳಿದು ಬಂದರು. ರಾಮನಾಥಪುರದ ಕಡೆಯವರೆಂದು ಆಮೇಲೆ ತಿಳಿಯಿತು. ಎತ್ತಲು ಬಂದವರನ್ನು ಕೈಯಡ್ಡ ಮಾಡಿ ತಡೆದು, ಸೊಂಟಕ್ಕೆ ಕೈ ಇಟ್ಟುಕೊಂಡು ನನ್ನನ್ನು ನೋಡಿದರು.

"ಎಂಗೆ ಅತ್ತುಸ್ಬೇಕು ಯೋಳಿ ಅಮ್ಮಾ. ನಮಗ್ ಗೊತ್ತಿಲ್ಲ, ನಿಮಗ್ ಗೊತ್ತು."

ಹೇಳಿದೆ, ಒಂದೊಂದಾಗಿ. ಮೊದಲು ಬ್ರೇಕ್ ಹಾಕಿ. ಕಾಲಿಡುವ ಹಲಗೆ ಮಡಚಿ. ನಾನೇ ಮೆಟ್ಟಿಲ ಮೇಲೆ ಜರುಗಿ ಕೂರುತ್ತೇನೆ, ಬಸ್ಸಿನ ಕಡೆ ಬೆನ್ನು ಮಾಡಿ. ತೋಳಿನಲ್ಲಿ ಶಕ್ತಿ ಇದೆ. ಕೈಯೂರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುತ್ತೇನೆ, ನೀವು ಕಾಲು ಹಿಡಿದುಕೊಂಡರೆ ಸಾಕು. ಮೇಲೆ ಬಂದ ಮೇಲೆ ಮಾತ್ರ ಕಂಕುಳಿಗೆ ಕೈ ಕೊಟ್ಟು ಸೀಟಿಗೆ ಎತ್ತಿ.

"ಅಷ್ಟೇಯಾ?" ಅಂದರು. ಹೆಗಲ ಮೇಲಿದ್ದ ಟವೆಲನ್ನು ತೆಗೆದು ಮೆಟ್ಟಿಲಿಗೆ ಹಾಸಿದರು, ನನ್ನ ಸೀರೆ ಕೊಳೆಯಾಗದಿರಲಿ ಎಂದು. ಅಷ್ಟು ಹೊತ್ತಿಗೆ ಬಸ್ಸಿನೊಳಗಿದ್ದವರೆಲ್ಲ ಕತ್ತು ಉದ್ದ ಮಾಡಿದ್ದರು. ಅವರತ್ತ ತಿರುಗಿ ಗದರಿದರು, "ಏನ್ರೀ, ಸಿನಿಮಾನಾ? ಎಲ್ಲಾ ಆ ಕಡಿಕೆ ತಿರಿಕ್ಕಳಿ!"

ಇಡೀ ಬಸ್ಸು ಆ ಕಡೆ ತಿರುಗಿತು. ಬಿಲೀವ್ ಮಿ, ತುಂಬಿದ ಬಸ್ಸು. ನಾನು ಕೂತುಕೊಂಡೇ ಮೂರು ಮೆಟ್ಟಿಲು ಹತ್ತಿದ್ದನ್ನು ಒಬ್ಬರೂ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ಮೂರು ವಿಷಲ್. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲಂತೂ ಸೀಟು ಸಿಗುವುದೇ ಕಷ್ಟ. ಬಸ್ಸು ನಿಲ್ಲುವ ಮುಂಚೆಯೇ ಅವರು ಟವೆಲನ್ನು ಮುಂದಿನ ಸೀಟಿನ ಮೇಲೆ ಎಸೆದಿರುತ್ತಿದ್ದರು. ಯಾರಾದರೂ ಅದನ್ನು ಸರಿಸಿ ಕೂತರೆ, "ಏಳವ್ವಾ, ಅದು ಟೀಚರಮ್ಮುಂದು. ಬಂದು ಇಂಗ್ಲೀಷ್‌ನಾಗೆ ಬೈದ್ರೆ ನಿಂಗೆ ಅರ್ಥನೂ ಆಗಕಿಲ್ಲ" ಅನ್ನುತ್ತಿದ್ದರು. ಕುರ್ಚಿ ಮಡಚಿಕೊಂಡು ಡ್ರೈವರ್ ಹಿಂದೆ ಒರಗುತ್ತಿತ್ತು.

ಅರಕಲಗೂಡಿನಲ್ಲಿ ಗೆಳತಿ ಕಾಯುತ್ತಿರುತ್ತಿದ್ದಳು. ತನಗೆ ಕೇಳಿಸದ್ದರಿಂದ ಲೋಕಕ್ಕೂ ಕೇಳಿಸುವುದಿಲ್ಲ ಎಂದುಕೊಂಡವಳಂತೆ ಸ್ಟ್ಯಾಂಡಿನ ಆ ತುದಿಯಿಂದಲೇ, "ಬಂದ್ಯೇನೇ ಮಹಾರಾಣಿ, ಇವತ್ತೂ ಲೇಟು!" ಎಂದು ಕೂಗುವಳು. ಅವಳ ಕಾಲು ಗಟ್ಟಿ, ತಳ್ಳಿಕೊಂಡು ಮನೆಗೆ ಹೋಗುವಳು. ಅವರೆಕಾಳು ಸುಲಿಯುತ್ತ ಮಧ್ಯೆ ಮಧ್ಯೆ ಅಂಗೈ ಚಾಚುವಳು, ನಾನು ಬರೆಯುವೆನು. ಸ್ಪೆಲ್ಲಿಂಗ್ ತಪ್ಪಿದರೆ ಈಗಲೂ ಕೈಗೆ ಹೊಡೆಯುತ್ತಾಳೆ, ಇಂಗ್ಲಿಷ್ ಟೀಚರಿಗೆ! ಸಂಜೆ ಅದೇ ಬಸ್ಸು ಹಿಂದಿರುಗುವಾಗ ಅದೇ ಟವೆಲು, ಅದೇ ಮೂರು ವಿಷಲ್. ಎರಡು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು.

ಒಂದು ದಿನ ಅವಳ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿ ಕೂಗಿ ಸುಮ್ಮನಾದದ್ದು ಅವಳಿಗೆ ಕೇಳಲೇ ಇಲ್ಲ. ಬೇಳೆ ಕರಕಲಾಗಿ ಹೊಗೆ ಬೀದಿಗೆ ಬಂತು. ಚನ್ನರಾಯಪಟ್ಟಣದಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಮಗ ಬಂದು, ಇನ್ನು ನೀನು ಒಬ್ಬಳೇ ಇರಬೇಡ, ನನ್ನ ಜೊತೆ ಅಲ್ಲಿಗೇ ಬಂದುಬಿಡು ಅಂದ. ಸರಿಯಾದ ಮಾತೇ. ಅವಳೂ ಒಪ್ಪಿದಳು. ಆದರೆ ಅವತ್ತು ನನ್ನ ಎದುರು ಕೂತು ಬಹಳ ಹೊತ್ತು ಅಂಗೈ ಚಾಚಲಿಲ್ಲ.

"ಆ ಬಸ್ಸಿಗೆ ನಿನ್ನ ಕಂಡಕ್ಟರ್ ಇರಲ್ಲ ಕಣೇ" ಎಂದಳು ಕೊನೆಗೆ, ಊರಿಗೆಲ್ಲ ಕೇಳಿಸುವ ಹಾಗೆ. "ಬರ್ತೀಯಾ?"

ಅವಳ ಕೈ ಎಳೆದುಕೊಂಡು ಮೂರು ಅಕ್ಷರ ಬರೆದೆ. ಯೆಸ್.

ವಾಪಸು ಬರುವಾಗ ಕಂಡಕ್ಟರಿಗೆ ಹೇಳಿದೆ. ಚನ್ನರಾಯಪಟ್ಟಣದ ಬಸ್ಸಿನವರಿಗೆ ನೀವೇ ಒಂದು ಮಾತು ಹೇಳಿಬಿಡಿ, ಪ್ಲೀಸ್ ಎಂದೆ. ಅವರು ಟಿಕೆಟ್ ಮೆಷಿನ್ನಿನ ಪಟ್ಟಿ ಸರಿಮಾಡಿಕೊಳ್ಳುತ್ತ ಯೋಚಿಸಿದರು.

"ನಾನ್ ಯೋಳ್ದ್ರೆ ಒಂದಿನ ಆಯ್ತದೆ ಅಮ್ಮಾ. ನಾಳೀಕೆ ಅವ್ರ್ ಡ್ಯೂಟಿ ಬದ್ಲಾಯ್ತದೆ, ಇನ್ನೊಬ್ರು ಬತ್ತಾರೆ. ಎಷ್ಟ್ ಜನಕ್ಕೆ ಯೋಳನ? ನೀವೇ ಯೋಳಿ. ನಂಗೆ ಯೋಳ್ಕೊಟ್ರಲ್ಲ, ಅಂಗೇಯ."

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಇಷ್ಟು ಸಣ್ಣ ಸಹಾಯ ಮಾಡಬಾರದೇ ಅನ್ನಿಸಿತು.

ಗೆಳತಿ ಹೋಗಿ ಎರಡು ವಾರವಾಗಿತ್ತು. ತಮ್ಮನಿಗೆ ಬಸ್ಸು ಬೇರೆ ಎಂದು ಹೇಳದೆ, ನನ್ನದೇ ಒಂದು ಟವೆಲ್ ಮಡಿಲಲ್ಲಿಟ್ಟುಕೊಂಡು ಹೊರಟೆ. ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಚುರುಕು. ನನ್ನನ್ನು ನೋಡಿದವಳೇ, "ಇರಿ ಆಂಟಿ, ನಾಲ್ಕು ಜನ ಕರೀತೀನಿ, ಎತ್ತಿಬಿಡೋಣ" ಎಂದಳು. ಕರೆದೂಬಿಟ್ಟಳು. ನಾಲ್ವರು ಬಂದರು. ಒಬ್ಬನ ಕೈ ಆಗಲೇ ಕುರ್ಚಿಯ ಎಡಗೈ ಮೇಲಿತ್ತು.

ಆಗ ಪಕ್ಕದಲ್ಲಿ ಅರಕಲಗೂಡು ಬಸ್ಸು ನಿಂತಿರುವುದು ಕಂಡಿತು. ನಮ್ಮ ಕಂಡಕ್ಟರು ಕೆಳಗೆ ನಿಂತು ನನ್ನ ಕಡೆಯೇ ನೋಡುತ್ತಿದ್ದರು. ಎರಡು ಕೈಗಳೂ ಬೆನ್ನ ಹಿಂದೆ. ಬರಲಿಲ್ಲ.

"ಸ್ಟಾಪ್" ಎಂದೆ. ನಲವತ್ತು ಮಕ್ಕಳ ಕ್ಲಾಸನ್ನು ನಿಲ್ಲಿಸುತ್ತಿದ್ದ ಹಳೆಯ ದನಿ, ಎಲ್ಲಿತ್ತೋ, ಬಂತು. ನಾಲ್ವರೂ ಕೈ ತೆಗೆದರು. "ಅದನ್ನು ಹಿಡಿದರೆ ಕಿತ್ತು ಬರುತ್ತೆ, ನಾನು ಬೀಳ್ತೀನಿ. ಮೊದಲು ಬ್ರೇಕ್. ನೀನು ಬಾಮ್ಮ, ಈ ಟವೆಲ್ ಹಾಸು. ನೀವು ಕಾಲು ಹಿಡ್ಕೊಳ್ಳಿ, ಎಳೀಬೇಡಿ."

ಮೊದಲ ಮೆಟ್ಟಿಲು ಸುಲಭವಾಗಿ ಆಯಿತು. ಎರಡನೆಯದರಲ್ಲಿ ಅಂಗೈ ಬೆವರಿ ಜಾರಿತು. ಒಳಗಿನಿಂದ ಯಾರೋ, "ಟೈಮ್ ಆಯ್ತದೆ ಕಣ್ರೀ" ಅಂದರು. ತಮ್ಮನ ಡೆಟಾಲ್ ವಾಸನೆ ಮೂಗಿಗೆ ಬಂದಂತಾಯಿತು. ಕೈಯನ್ನು ಸೀರೆಗೆ ಒರೆಸಿ, ಉಸಿರು ಹಿಡಿದು ಮತ್ತೆ ಊರಿದೆ. ಮೂರನೆಯದು. ಆ ಹುಡುಗಿ ಕಂಕುಳಿಗೆ ಕೈ ಕೊಟ್ಟಳು, ಸೀಟು ಸಿಕ್ಕಿತು. ಎರಡು ವಿಷಲ್ ಊದಿದಳು, ಎಲ್ಲರಿಗೂ ಊದುವ ಹಾಗೆ.

ಹತ್ತಿದ್ದನ್ನು ನಮ್ಮ ಕಂಡಕ್ಟರು ನೋಡಿದರೇ ಎಂದು ಕಿಟಕಿಯಿಂದ ಹುಡುಕಿದೆ. ಮುಂದೆ ಅವರಿಗೆ ಬೇರೆ ಡಿಪೋಗೆ ವರ್ಗವಾಯಿತಂತೆ, ಅವರನ್ನು ನಾನು ಮತ್ತೆ ಕಾಣಲಿಲ್ಲ. ಅವತ್ತು ಅವರು ಅಲ್ಲೇ ಇದ್ದರು, ಆದರೆ ನನಗೆ ಬೆನ್ನು ಮಾಡಿ, ಆ ಕಡೆಗೆ ತಿರುಗಿ ನಿಂತಿದ್ದರು. ಪಕ್ಕೆಯಲ್ಲಿ ಹೊಲಿಗೆ ಬಿಟ್ಟ ಖಾಕಿ ಅಂಗಿ, ಹೆಗಲ ಮೇಲೆ ಟವೆಲು. ನಮ್ಮ ಬಸ್ಸು ರಿವರ್ಸ್ ತೆಗೆದು ತಿರುಗುವವರೆಗೂ ಅವರು ಹಾಗೇ ನಿಂತಿದ್ದರು.