ಮುಟ್ಟಿ ನೋಡಿದ ಎಮ್ಮೆ

ಫೋನಿನ ಪರದೆಯ ತುಂಬ ಎಮ್ಮೆಯ ಒಣಗಿದ ಮೂಗು. ನಿನ್ನೆಯಿಂದ ಮೇವು ಮುಟ್ಟಿಲ್ಲ, ಔಷಧಿ ಬರೆದು ಕಳಿಸಿ ಎಂದು ಮೊಗುಡಂಪಲ್ಲಿ ಕಡೆಯ ಮಾಣಿಕಮ್ಮ ಕೇಳುತ್ತಿದ್ದರು. ನಾನು ಜಹೀರಾಬಾದಿನ ಪಶುವೈದ್ಯ. ಬೆಳಗಿನಿಂದ ಇಂಥವೇ ವಿಡಿಯೊ ಕರೆಗಳು ಬಂದಿದ್ದರಿಂದ ತುಸು ಬಿರುಸಾಗಿಯೇ ಹೇಳಿದೆ: “ನಾ ಮುಟ್ಟಿ ನೋಡದ ದನಕ್ಕ ಫೋನಿನ್ಯಾಗ ಔಷಧ ಬರಿಯಾಕ ಬರಂಗಿಲ್ರಿ ಅಮ್ಮಾ, ಕಾಯ್ದೆ ಅದ.”

“ಮುಟ್ಟೀರಲ್ರಿ ಸಾಹೇಬ್ರ! ಇಕಿ ಹುಟ್ಟುವಾಗ ಹಿಂಗಾಲು ಮೊದಲ ಬಂದಿದ್ವು. ತಾಯಿ ಹೊಟ್ಟ್ಯಾಗ ಕೈ ಹಾಕಿ ಎಳದವ್ರು ನೀವೇ ಅಲ್ಲೇನ್ರಿ?”

ಅವರು ಫೋನನ್ನು ಎಮ್ಮೆಯ ಹಿಂದಕ್ಕೆ ಒಯ್ದರು. ಬಾಲದ ತುದಿಯಲ್ಲಿ ಬಿಳಿ ಕುಚ್ಚು. ಆರು ವರ್ಷದ ಹಿಂದೆ ಆ ಹಿಂಗಾಲುಗಳ ಜೊತೆ ನನಗೆ ಮೊದಲು ಕಂಡದ್ದು ಅದೇ ಕುಚ್ಚು.

ಆದರೂ ಔಷಧಿ ಬರೆಯಲಿಲ್ಲ. ಅಂದು ಮುಟ್ಟಿದ ಕೈಗೆ ಇಂದಿನ ಹೊಟ್ಟೆನೋವು ಹೇಗೆ ಗೊತ್ತಾಗಬೇಕು? ಬೈಕ್ ಹತ್ತಿ ಹೊರಟೆ.

ಕೊಟ್ಟಿಗೆಯಲ್ಲಿ ನಾನು ಅಂಗಿಯ ತೋಳು ಮಡಚುತ್ತಿದ್ದಾಗ ಮಾಣಿಕಮ್ಮ ಎಮ್ಮೆಯ ಕಿವಿಗೆ ಬಾಗಿ ಹೇಳಿದರು: “ಏಳವ್ವಾ, ನಿನ್ನ ಸೂಲಗಿತ್ತಿ ಬಂದಾಳ.”

ಎಮ್ಮೆ ಮೂರನೆಯ ದಿನ ಮೆಲುಕು ಹಾಕಿತು. ನನ್ನ ಹೆಸರಿನ ಮುಂದೆ ಎರಡು ಪದವಿಗಳಿವೆ. ಮಾಣಿಕಮ್ಮ ಕೊಟ್ಟ ಮೂರನೆಯದನ್ನು ಬೋರ್ಡಿನ ಮೇಲೆ ಬರೆಸುವಂತಿಲ್ಲ, ಅಷ್ಟೇ.