ಮೀಟರ್ ಮಾವ ಸ್ವಂತ ಮನೆಗೇ ಬಾಡಿಗೆಗೆ ಹೋದದ್ದು

ನನ್ನ ಸೋದರಮಾವ ಇಪ್ಪತ್ತೆಂಟು ವರ್ಷಗಳಲ್ಲಿ ಏಳು ಬಾಡಿಗೆ ಮನೆ ಕಂಡವರು. ಏಳು ಮಾಲೀಕರಲ್ಲಿ ಒಬ್ಬರಿಗೂ ಒಂದೇ ಒಂದು ದೂರು ಹೇಳಿದವರಲ್ಲ. ಎರಡನೆಯ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಸ್ನಾನ ಮುಗಿಯುವವರೆಗೂ ಗಟ್ಟಿಯಾಗಿ ಹಾಡುತ್ತಿರಬೇಕು ಎಂದು ಮನೆಯಲ್ಲೇ ಒಂದು ಕಾನೂನು ಮಾಡಿಕೊಂಡರು. ಮೂರನೆಯ ಮನೆಯ ಸೂರು ಸರಿಯಾಗಿ ಮಂಚದ ಮೇಲೇ ಸೋರುತ್ತಿತ್ತು. ತಿಂಗಳ ಮೊದಲ ದಿನ ಮಾಲೀಕರು ಬಂದು ಎಲ್ಲ ಸರಿ ಇದೆಯಾ ಎಂದು ಕೇಳಿದರೆ, ಮಾವ ಬಾಗಿಲಿಗೆ ಅರ್ಧ ಅಡ್ಡ ನಿಂತು, ಒಳಗೆ ಪಾತ್ರೆಗೆ ಹನಿ ಬೀಳುವ ಸದ್ದು ಕೇಳಿಸದಿರಲೆಂದು ಒಮ್ಮೆ ಕೆಮ್ಮಿ, "ಎಲ್ಲ ಚೆನ್ನಾಗಿದೆ ಸಾರ್, ಏನೂ ತೊಂದರೆ ಇಲ್ಲ" ಎನ್ನುತ್ತಿದ್ದರು. ದೂರು ಹೇಳಿದರೆ ಬಾಡಿಗೆ ಏರಿಸುತ್ತಾರೆ, ಇಲ್ಲವೇ ಖಾಲಿ ಮಾಡಿ ಎನ್ನುತ್ತಾರೆ ಎಂಬ ಹೆದರಿಕೆ ಅವರಿಗೆ. ಆಮೇಲೆ ಮಂಚವನ್ನು ಅಡುಗೆಮನೆಗೆ ಒಯ್ದು ಮಲಗುತ್ತಿದ್ದರು.

ಮಾವನದು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಹಾಗಾಗಿ ನಮಗೆಲ್ಲ ಮೀಟರ್ ಮಾವ. ಅತ್ತೆಯದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಮುಷ್ಟಿ ಬಿಗಿ ಮಾಡಿ ಎಂದು ಅತ್ತೆ ಹೇಳಿದರೆ ಎಂಥ ಪೈಲ್ವಾನನೂ ತೆಪ್ಪಗೆ ಮಾಡುತ್ತಾನೆ. ಮದುವೆಯಾದಾಗಿನಿಂದ ಮಾವನ ಮುಷ್ಟಿಯೂ ಬಿಗಿಯಾಗಿಯೇ ಇದೆ. ಬೆಳಗಿನ ಪಾಳಿ ಸಾಲದೆ ಅತ್ತೆ ಸಂಜೆಯ ಪಾಳಿಯನ್ನೂ ಹಿಡಿದಿದ್ದರು. ನಿಂತು ನಿಂತು ಮಂಡಿ ಬಾತುಹೋಗಿತ್ತು. ಸಂಜೆಯ ಪಾಳಿ ಬಿಡುವಂತಾಗಲು ಬೇರೆ ಕಡೆಯಿಂದ ಅಷ್ಟೇ ದುಡ್ಡು ಬರಬೇಕು. ಇಷ್ಟೇ ಅವರ ಆಸೆ, ಅದಕ್ಕಾಗಿಯೇ ಈ ಕತೆಯೆಲ್ಲ.

ಒಂದು ಭಾನುವಾರ ಮಾವ, ಬಾಡಿಗೆ ಮನೆಗಳಿಂದ ಶ್ರೀಮಂತರಾಗುವುದು ಹೇಗೆ ಎಂಬ ಉಚಿತ ತರಬೇತಿಗೆ ಹೋದರು. ಚಹಾ ಬಿಸ್ಕತ್ತು ಇದೆ ಎಂದು ಹೋದದ್ದು, ಅದನ್ನೇನು ಮುಚ್ಚಿಡುವುದು. ಸಭಾಂಗಣದ ಒಳಗೂ ಕಪ್ಪು ಕನ್ನಡಕ ತೆಗೆಯದ ಭಾಷಣಕಾರ ಹೇಳಿದ ಮೂರು ಮಾತನ್ನು ಬರೆದುಕೊಂಡು ಬಂದರು. ಮನೆ ಎಲ್ಲಿದೆ ಎನ್ನುವುದೇ ಮುಖ್ಯ. ದುಡಿಮೆಗೆಂದು ಕೊಂಡ ಮನೆಯ ಮೇಲೆ ಮೋಹ ಬೇಡ. ಬಾಡಿಗೆಗೆ ಕೊಡುವ ಮುಂಚೆ ಬಾಡಿಗೆದಾರನ ಕಣ್ಣಿನಿಂದ ಮನೆಯನ್ನು ನೋಡಿ. ಮೂರನೆಯದಕ್ಕೆ ಎರಡು ಗೆರೆ ಎಳೆದಿದ್ದರು. ಆ ಎರಡು ಗೆರೆಯನ್ನು ಅವತ್ತೇ ಅಳಿಸಿದ್ದರೆ ಎಷ್ಟೋ ಜನರ ನೆಮ್ಮದಿ ಉಳಿಯುತ್ತಿತ್ತು.

ಮೊದಲನೆಯ ಮಾತಿನಲ್ಲಿ ಮಾತ್ರ ಮಾವನನ್ನು ಮೀರಿಸುವವರಿಲ್ಲ. ಯಾವ ಬೀದಿಯಲ್ಲಿ ಮನೆಗಳು ತಿಂಗಳುಗಟ್ಟಲೆ ಖಾಲಿ ಬೀಳುತ್ತವೆ ಎಂಬುದು ಅವರ ಮೀಟರ್ ಪುಸ್ತಕದಲ್ಲೇ ಇತ್ತು. "ಬೀಗ ಹಾಕಿದೆ" ಎಂದು ಅವರೇ ಕೈಯಾರೆ ಬರೆದ ಸಾಲುಗಳು. ವರ್ಷಗಳಿಂದ ಆ ಎರಡು ಪದ ಬರೆಯದ ಒಂದೇ ಒಂದು ಓಣಿ ಸಿಕ್ಕಿತು. ಕೆಳಗೆಲ್ಲ ದರ್ಜಿ ಅಂಗಡಿಗಳು, ಮೇಲೆ ಮೂರು ಮಹಡಿ ಮನೆಗಳು. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿತ್ತು. ಮಾವ ಕೋಣೆಗಳ ಕಡೆ ಕಣ್ಣು ಹಾಯಿಸಲಿಲ್ಲ. ನಲ್ಲಿಗಳನ್ನೆಲ್ಲ ಮುಚ್ಚಿಸಿ, ಕೆಳಗಿಳಿದು ಆ ಮನೆಯ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹತ್ತು ನಿಮಿಷ ಅದರ ಚಕ್ರ ನೋಡಿದರು. ಚಕ್ರ ಅಲ್ಲಾಡಲಿಲ್ಲ. ಅಂದರೆ ಕೊಳವೆ ಎಲ್ಲೂ ಸೋರುತ್ತಿಲ್ಲ. ಸಾಲ ಮಾಡಿ ಕೊಂಡುಬಿಟ್ಟರು. ಹೆಂಗಸರ ಹೆಸರಿಗಾದರೆ ಸಾಲದ ಬಡ್ಡಿ ಸ್ವಲ್ಪ ಕಡಿಮೆಯೆಂದು ಅತ್ತೆಯ ಹೆಸರಿಗೇ ಮಾಡಿಸಿದರು. ತಾವಿಬ್ಬರೂ ಏಳನೆಯ ಬಾಡಿಗೆ ಮನೆಯಲ್ಲೇ ಇರುವುದು, ಇದನ್ನು ಹೆಚ್ಚಿನ ಬಾಡಿಗೆಗೆ ಕೊಡುವುದು, ಕಂತು ಕಳೆದು ಉಳಿದದ್ದರಲ್ಲಿ ಅತ್ತೆ ಸಂಜೆಯ ಪಾಳಿ ಬಿಡುವುದು, ಇದು ಲೆಕ್ಕಾಚಾರ.

ಬಾಡಿಗೆ ಫಲಕ ಹಾಕುವ ಮುಂಚೆ ಮಾವ ಮೂರನೆಯ ಮಾತು ಎತ್ತಿದರು. ಹದಿನೈದು ದಿನ ತಾನೇ ಅಲ್ಲಿ ಬಾಡಿಗೆದಾರನಾಗಿ ಇರುತ್ತೇನೆ, ಕುಂದುಕೊರತೆ ಎಲ್ಲ ಗೊತ್ತಾಗುತ್ತದೆ ಎಂದರು. ಎರಡು ದಿನಕ್ಕೆ ಬೇಸರವಾಗಿ ವಾಪಸ್ ಬರುತ್ತಾರೆ ಎಂದುಕೊಂಡು ಅತ್ತೆ ಒಪ್ಪಿದರು. ಚಾಪೆ, ಬಕೆಟ್ಟು, ಸಣ್ಣ ಒಲೆ ಹೊತ್ತು ಮೇಲೆ ಹತ್ತಿಸಿದ್ದು ನಾನು. ಸೋದರಸೊಸೆಯರು ಇರುವುದೇ ಇಂಥದ್ದಕ್ಕೆ ಎಂದು ನಮ್ಮ ಮನೆಯಲ್ಲಿ ನಂಬಿಕೆ.

ಮಾರನೆಯ ದಿನ ಅತ್ತೆ ನನ್ನ ಜೊತೆ ನೋಡಲು ಬಂದು, ತಮಾಷೆಗೆ ಸೊಂಟದ ಮೇಲೆ ಕೈಯಿಟ್ಟು, ಎಲ್ಲ ಸರಿ ಇದೆಯಾ ಎಂದು ಮಾಲೀಕರ ಗತ್ತಿನಲ್ಲಿ ಕೇಳಿದರು. ಮಾವ ತಟ್ಟನೆ ಎದ್ದು ಬಾಗಿಲಿಗೆ ಅರ್ಧ ಅಡ್ಡ ನಿಂತು ಕೆಮ್ಮಿ, "ಎಲ್ಲ ಚೆನ್ನಾಗಿದೆ ಮೇಡಂ, ಏನೂ ತೊಂದರೆ ಇಲ್ಲ" ಎಂದುಬಿಟ್ಟರು. ಅವರ ಬೆನ್ನ ಹಿಂದೆ ಅಡುಗೆಮನೆಯ ಬೀರುವಿನ ಬಾಗಿಲು ಕಳಚಿ ನೆಲದ ಮೇಲಿತ್ತು.

ಅತ್ತೆ ಹಣೆ ಚಚ್ಚಿಕೊಂಡರು. ಹೀಗಾದರೆ ಹದಿನೈದು ವರ್ಷ ಇದ್ದರೂ ಒಂದು ಕೊರತೆಯೂ ಗೊತ್ತಾಗುವುದಿಲ್ಲ, ಬಾಯಿಬಿಟ್ಟು ದೂರು ಹೇಳಿ ಎಂದು ಗದರಿದರು. ಮಾವ ಉಗುಳು ನುಂಗಿದರು, ಕಾಲಿನ ಹೆಬ್ಬೆರಳು ನೋಡಿದರು, ಕೊನೆಗೆ ಬೀರುವಿನ ಬಾಗಿಲು ಸ್ವಲ್ಪ, ಏನೋ ಸ್ವಲ್ಪ, ಎಂದರು. ಹೇಳಿದ ಮೇಲೆ ಸುತ್ತ ನೋಡಿದರು. ಯಾರೂ ಬಾಡಿಗೆ ಏರಿಸಲಿಲ್ಲ. ಅವರ ಮುಖದ ಮೇಲೆ ಆಗ ಮೂಡಿದ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಮಾವನನ್ನು ಹಿಡಿಯುವವರೇ ಇಲ್ಲ. ದಿನಕ್ಕೊಂದು ದೂರಿನ ಪತ್ರ, ತಾರೀಖು ವೇಳೆ ಸಮೇತ, ಮೀಟರ್ ಪುಸ್ತಕದ ಅದೇ ದುಂಡು ಅಕ್ಷರದಲ್ಲಿ. ಬೆಳಗ್ಗೆ ಆರೂ ಹತ್ತಕ್ಕೆ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ಮಾಲೀಕರು ಗಮನಿಸಬೇಕು. ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ, ಸಂಜೆ ಏಳರಿಂದ ಎಂಟರವರೆಗೆ ಒಟ್ಟು ಇಪ್ಪತ್ತಮೂರು ಸಲ. ಬಚ್ಚಲಿನ ಚಿಲಕ ಬೀಳುತ್ತದೆ ಆದರೆ ಮನಸ್ಸಿಲ್ಲದೆ ಬೀಳುತ್ತದೆ. ನಾಲ್ಕನೆಯ ದಿನದ ಪತ್ರವನ್ನು ಓದಿ ಅತ್ತೆ ಕನ್ನಡಕ ಒರೆಸಿಕೊಂಡರು. ಸೂರು ಸೋರಿ ಹಾಸಿಗೆ ನೆನೆಯುತ್ತಿದೆ ಎಂದಿತ್ತು.

"ರೀ, ಇದು ನಮ್ಮ ಮೂರನೇ ಮನೆದು. ಇಲ್ಲಿ ಮೇಲೆ ಇನ್ನೊಂದು ಮನೆ ಇದೆ, ಸೂರೆಲ್ಲಿ ಸೋರುತ್ತೆ?" ಎಂದು ಅತ್ತೆ ಕೇಳಿದರು.

"ಗೊತ್ತು. ಅವತ್ತು ಹೇಳೋಕೆ ಆಗಿರಲಿಲ್ಲ, ಈಗ ಹೇಳ್ತಿದೀನಿ" ಎಂದರು ಮಾವ.

ನನಗೆ ನಗುವೂ ಬಂತು, ಅಯ್ಯೋ ಎಂದೂ ಅನಿಸಿತು. ಮಳೆಗಾಲವಿಡೀ ಅಡುಗೆಮನೆಯಲ್ಲಿ ಮಲಗಿದವರು ಅವರು. ಅತ್ತೆಗೂ ಹಾಗೇ ಅನಿಸಿರಬೇಕು. ಆ ಪತ್ರವನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡರು. ಆದರೆ ಮಾವ ಏಳೂ ಮನೆಗಳ ಬಾಕಿಯನ್ನು ಒಂದೊಂದಾಗಿ ಅತ್ತೆಯ ಕೊರಳಿಗೆ ಕಟ್ಟತೊಡಗಿದಾಗ ಅವರ ಮೆತ್ತಗಿನ ದನಿ ಗಡುಸಾಯಿತು. ಹತ್ತನೆಯ ದಿನಕ್ಕೆ ಅತ್ತೆ ಥೇಟ್ ಮಾಲೀಕರೇ ಆಗಿ, ಇರುವುದರಲ್ಲೇ ಹೊಂದಿಕೊಳ್ಳಿ ಎನ್ನುತ್ತಿದ್ದರು. ಮಾವ ಮೆಟ್ಟಿಲ ಮೇಲೆ ನಿಂತು, ಇಂಥ ಓನರ್ ಜೊತೆ ಏಗೋದು ಕಷ್ಟ ಎಂದು ಆ ಕಟ್ಟಡದ ಕಾವಲುಗಾರನ ಹತ್ತಿರ ಅಲವತ್ತುಕೊಳ್ಳುತ್ತಿದ್ದರು. ಇಬ್ಬರೂ ಗಂಡ ಹೆಂಡತಿ ಎಂದು ಆ ಪಾಪದ ಕಾವಲುಗಾರನಿಗೆ ಯಾರೂ ಹೇಳಿರಲಿಲ್ಲ. ಅವನು ಮಾವನ ಬೆನ್ನು ಸವರಿ, ಧೈರ್ಯವಾಗಿರಿ ಸಾರ್ ಎನ್ನುತ್ತಿದ್ದ.

ಹದಿನೈದು ದಿನ ತಿಂಗಳಾಯಿತು. ಈ ನಡುವೆ ಅತ್ತೆಯೇ ಬಾಡಿಗೆ ಫಲಕ ಹಾಕಿಸಿದ್ದರಿಂದ ಮನೆ ನೋಡಲು ನಾಲ್ಕು ಜನ ಬಂದರು. ಬರುವವರಿಗೆಲ್ಲ ಕಾವಲುಗಾರ ಗೇಟಿನಲ್ಲೇ, ಈಗಿರುವವರಿಗೂ ಮಾಲೀಕಿಗೂ ಹಾವು ಮುಂಗುಸಿ ಎಂದು ಕಿವಿಯೂದುತ್ತಿದ್ದ. ಮೇಲೆ ಹೋದರೆ ಬನಿಯನ್ನಿನಲ್ಲಿ ನಿಂತ ಮಾವ, ಬಚ್ಚಲಿನ ಚಿಲಕದ ಮನೋಭಾವವನ್ನು ಕೂಲಂಕಷವಾಗಿ ವಿವರಿಸುತ್ತಿದ್ದರು. ನಾಲ್ವರೂ ಇಳಿದು ಹೋದವರು ಹಿಂದಿರುಗಿ ನೋಡಲಿಲ್ಲ. ಮೊದಲ ಕಂತು ಅತ್ತೆಯ ಸಂಜೆಯ ಸಂಬಳದಿಂದಲೇ ಹೋಯಿತು.

ಮರುದಿನ ಬೆಳಗ್ಗೆ ಅತ್ತೆ ಬಂದರು. ಒಂದನೆಯ ಮಹಡಿಯವರೆಗೆ ಹತ್ತಿ, ಮುಂದೆ ಆಗದೆ ಮೆಟ್ಟಿಲ ಮೇಲೇ ಕುಳಿತರು. ಮಾವ ಆವತ್ತಿನ ಪತ್ರ ಹಿಡಿದು ಇಳಿದು ಬಂದರು. ಅತ್ತೆ ಅದನ್ನು ಮುಟ್ಟಲಿಲ್ಲ.

"ಈ ತಿಂಗಳೂ ನಾನು ಸಂಜೆ ಹೋಗಬೇಕು. ಮಂಡಿ ಮಡಚೋಕೆ ಆಗ್ತಿಲ್ಲ ಕಣ್ರೀ. ನಿಮ್ಮ ದೂರೆಲ್ಲ ಮುಗೀತಾ? ನಂದೊಂದಿದೆ, ಹೇಳ್ಲಾ?"

ಮಾವ ನಿಂತಲ್ಲೇ ಬೆವೆತರು. ಅತ್ತೆ ಕೈಚೀಲದಿಂದ ಒಂದು ಕಾಗದ ತೆಗೆದು ಅವರ ಕೈಗಿಟ್ಟರು. ಭಾನುವಾರದೊಳಗೆ ಮನೆ ಖಾಲಿ ಮಾಡತಕ್ಕದ್ದು, ಎಂದು ಬರೆದು ಮಾಲೀಕರು ಎಂದು ರುಜು ಹಾಕಿದ್ದರು. ಕಾವಲುಗಾರ ಕೆಳಗಿನಿಂದ ಇದನ್ನೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ.

ಮಾವ ಎರಡು ದಿನ ರಜೆ ಹಾಕಿ ಬೀರು, ಚಿಲಕ, ಕಿಟಕಿಗೆ ಪರದೆ ಎಲ್ಲ ತಾವೇ ಸರಿ ಮಾಡಿದರು. ಶನಿವಾರ ಚಾಪೆ ಸುತ್ತಿಕೊಂಡು ಹೊರಟಾಗ ಕಾವಲುಗಾರ ಗೇಟಿನವರೆಗೆ ಬಕೆಟ್ಟು ಹಿಡಿದುಕೊಂಡು ಬಂದ. ಹೆಂಡತಿಯ ಮಂಡಿನೋವು ತಮಗೆ ಯಾಕೆ ಕಾಣಿಸಲಿಲ್ಲ ಎಂದು ಮಾವ ದಾರಿಯಲ್ಲಿ ನನ್ನನ್ನು ಕೇಳಿದರು. ಬೇರೆ ದಿನವಾಗಿದ್ದರೆ ಚುಚ್ಚಿ ಮಾತಾಡುತ್ತಿದ್ದೆ; ಅವತ್ತು ಅವರ ಕೈಯಿಂದ ಚಾಪೆ ತೆಗೆದುಕೊಂಡು ನಾನೇ ಹೊತ್ತೆ.

ಯಾರಾದರೂ ಬಾಡಿಗೆಗೆ ಬರುವವರೆಗೆ ಆ ಕಡೆ ತಲೆ ಹಾಕಕೂಡದೆಂದು ಮಾವನಿಗೆ ತಾಕೀತು ಮಾಡಿ, ಅತ್ತೆ ಒಬ್ಬರೇ ಬಾಡಿಗೆದಾರರನ್ನು ಹುಡುಕಿದರು. ವಾರದೊಳಗೆ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಸಾಧು ಮನುಷ್ಯ, ತನ್ನ ತಾಯಿಯೊಂದಿಗೆ ಬಂದು ಸೇರಿಕೊಂಡ. ಅತ್ತೆ ಸಂಜೆಯ ಪಾಳಿ ಬಿಟ್ಟರು. ಮೊದಲ ಸಂಜೆ ಮನೆಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕುಳಿತ ಅತ್ತೆಯನ್ನು ಮಾವ ಹಾದುಹೋದಾಗಲೆಲ್ಲ ನಿಂತು ನೋಡುತ್ತಿದ್ದರು.

ಮುಂದಿನ ತಿಂಗಳ ಮೊದಲ ದಿನ ಅತ್ತೆ ಬಾಡಿಗೆ ತರಲು ಹೊರಟಾಗ ಮಾವನೂ ನಾನೂ ಜೊತೆಗೆ ಹೋದೆವು. ಅತ್ತೆಯ ಹಿಂದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದ ಮಾವನನ್ನು ಕಂಡು ಕಾವಲುಗಾರ ಕನಿಕರದಿಂದ, ಅಡ್ವಾನ್ಸ್ ಇನ್ನೂ ವಾಪಸ್ ಕೊಟ್ಟಿಲ್ವಾ ಸಾರ್ ಎಂದು ಪಿಸುಗುಟ್ಟಿದ. ಮೇಲೆ ಬಾಗಿಲು ತೆರೆಯಿತು. ಬೇಕರಿಯವನು, ಹಿಂದೆ ಅವನ ತಾಯಿ. ಎಲ್ಲ ಸರಿ ಇದೆಯಾ ಎಂದು ಅತ್ತೆ ಕೇಳಿದರು. ಅವನು ಬಾಗಿಲಿಗೆ ಅರ್ಧ ಅಡ್ಡ ನಿಂತು ಒಮ್ಮೆ ಕೆಮ್ಮಿದ.

"ಎಲ್ಲ ಚೆನ್ನಾಗಿದೆ ಮೇಡಂ, ಏನೂ ತೊಂದರೆ ಇಲ್ಲ."

ಮಾವ ಸರ್ರನೆ ತಿರುಗಿ ಮೆಟ್ಟಿಲಿಳಿದರು. ಹಿಂದೆಯೇ ಹೋದೆ. ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ತಾಯಿ ಮಗ ಇಬ್ಬರೂ ಬಾಗಿಲಲ್ಲೇ ಇದ್ದಾರೆ, ಒಳಗೆ ನಲ್ಲಿ ಬಿಡುವವರಿಲ್ಲ. ಆದರೂ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಕೆಳಗಿನ ದರ್ಜಿಯ ಹತ್ತಿರ ಸ್ಪ್ಯಾನರ್ ಕೇಳಿ ತಂದು ಮೇಲೆ ಹತ್ತಿದರು.

"ಎಲ್ಲಿ ಸೋರ್ತಿದೆ?"

"ಇಲ್ಲ ಸಾರ್, ಏನಿಲ್ಲ. ಸಿಂಕ್ ಕೆಳಗೆ ಒಂದು ಪಾತ್ರೆ ಇಟ್ಟಿದೀವಿ, ಸಾಕು."

"ಪಾತ್ರೆ ಇಟ್ಟಿರ್ತೀರಿ ಅಂತ ಗೊತ್ತು. ಯಾಕೆ ಹೇಳಲಿಲ್ಲ?"

ಅವನು ಅತ್ತೆಯ ಕಡೆ ಒಮ್ಮೆ ಅಂಜಿಕೆಯಿಂದ ನೋಡಿ, ಮಾವನ ಕಿವಿಯ ಹತ್ತಿರ ಬಗ್ಗಿದ. ಆದರೂ ನಮಗೆಲ್ಲ ಕೇಳಿಸಿತು.

"ನಮಗಿಂತ ಮುಂಚೆ ಇದ್ದವರು ಪಾಪ ವಯಸ್ಸಾದವರಂತೆ ಸಾರ್. ದೂರು ಹೇಳಿದ್ದಕ್ಕೆ ಮೇಡಂ ನೋಟಿಸ್ ಕೊಟ್ಟು ಖಾಲಿ ಮಾಡಿಸಿದ್ರಂತೆ. ಚಾಪೆ ಹಿಡ್ಕೊಂಡು ಹೋದ್ರಂತೆ. ವಾಚ್‌ಮನ್ ಕಣ್ಣಾರೆ ನೋಡಿದಾನೆ."

ಅತ್ತೆಯ ಮುಖ ಕೆಂಪಾಯಿತು. ನಾನು ಗೋಡೆ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡೆ. ಮಾವ ಮಾತ್ರ ನಗಲಿಲ್ಲ.

"ಆ ವಯಸ್ಸಾದವನು ನಾನೇ ಕಣಪ್ಪ. ಇವಳು ನನ್ನ ಹೆಂಡತಿ. ಅವಳ ಮೇಲೆ ತಪ್ಪಿಲ್ಲ, ನಾನೇ ಜಾಸ್ತಿ ಹೇಳಿದೆ. ನೀನು ಕಡಿಮೆ ಹೇಳಬೇಡ" ಎಂದು ಅಡುಗೆಮನೆಯ ಸಿಂಕಿನ ಕೆಳಗೆ ತೂರಿಕೊಂಡರು.

ಕೆಳಗಿನಿಂದ ಸ್ಪ್ಯಾನರ್ ಕೊಳವೆಗೆ ತಾಗುವ ಸದ್ದು ಬಂತು. ಬೇಕರಿಯವನು ತಾಯಿಯ ಮುಖ ನೋಡಿದ, ಕಾಲಿನ ಹೆಬ್ಬೆರಳು ನೋಡಿದ, ಉಗುಳು ನುಂಗಿದ. ಕೊನೆಗೆ, ಬಚ್ಚಲಿನ ಚಿಲಕ ಸ್ವಲ್ಪ, ಏನೋ ಸ್ವಲ್ಪ, ಎಂದ. ಅತ್ತೆ ಕುರ್ಚಿ ಎಳೆದುಕೊಂಡು ಕುಳಿತು, ನೋಯುವ ಮಂಡಿಯನ್ನು ಮುಂದೆ ಚಾಚಿ, ಕೈಚೀಲದಿಂದ ಪೆನ್ನು ತೆಗೆದರು. ಬರೆಯಲು ಸಿಕ್ಕಿದ್ದು ಹಾಸಿಗೆ ನೆನೆಯುತ್ತಿದೆ ಎಂಬ ಮಾವನ ಆ ಹಳೆಯ ಪತ್ರ. ಅದರ ಹಿಂಬದಿಯಲ್ಲಿ ಒಂದು ಎಂದು ಅಂಕಿ ಹಾಕಿ, "ನಿಧಾನಕ್ಕೆ ಹೇಳಪ್ಪ" ಎಂದರು.