ಹೊಸ ತಾರೀಖಿನ ಡ್ರೈವರ್

2022-23ರ ಶೈಕ್ಷಣಿಕ ವರ್ಷ. ಸರಸ್ವತಿಪುರಂನಲ್ಲಿದ್ದು ಈಗ ಮುಚ್ಚಿಹೋಗಿರುವ ಒಂದು ಸಣ್ಣ ಖಾಸಗಿ ಸಂಶೋಧನಾ ಕೇಂದ್ರದಲ್ಲಿ ನಾನು ಶ್ರವಣ ವಿಜ್ಞಾನದ ಹಿರಿಯ ಸಂಶೋಧಕಿಯಾಗಿದ್ದೆ. ಕೋವಿಡ್ ಕಳೆದು ಶಾಲೆಗಳು ಆರಂಭದಿಂದಲೇ ಪೂರ್ಣವಾಗಿ ನಡೆದ ಮೊದಲ ವರ್ಷ ಅದೇ ಎಂಬುದನ್ನು ಇದನ್ನು ಬರೆಯುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಂಡಿದ್ದೇನೆ. ನನ್ನ ಸೇವೆಯ ಕೊನೆಯ ವರ್ಷವೂ ಅದೇ.

ನಗರದ ದಕ್ಷಿಣ ಭಾಗದ ಶಾಲೆಗಳಲ್ಲಿ ಮಕ್ಕಳ ಶ್ರವಣ ತಪಾಸಣೆ ನಡೆಸುವುದು ನಮ್ಮ ಯೋಜನೆಯಾಗಿತ್ತು. ಮಗು ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ. ಅತಿ ಮೆಲುವಾದ ನಾದ ಕೇಳಿಸಿದಾಗ ಕೈ ಎತ್ತುತ್ತದೆ. ಆ ನಾದ ಲ್ಯಾಪ್‌ಟಾಪ್‌ನಿಂದ ಒಂದು ಯುಎಸ್‌ಬಿ ಆಡಿಯೋ ಪೆಟ್ಟಿಗೆಯ ಮೂಲಕ ಬರುತ್ತದೆ. ಪೆಟ್ಟಿಗೆಗೂ ಲ್ಯಾಪ್‌ಟಾಪ್‌ಗೂ ಸಂಪರ್ಕ ಕಲ್ಪಿಸುವ ತಂತ್ರಾಂಶವೇ ಡ್ರೈವರ್. ಪ್ರತಿಯೊಂದು ಡ್ರೈವರ್‌ನೊಂದಿಗೂ ಅದರ ತಯಾರಿಕೆಯ ದಿನಾಂಕ ಮತ್ತು ಆವೃತ್ತಿ ಸಂಖ್ಯೆಯನ್ನು ಹೇಳುವ ಒಂದು ಮಾಹಿತಿ ಕಡತವಿರುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳು ಬಂದಾಗ ಒಂದೊಂದರ ಮುಂದೆಯೂ ಕುಳಿತು ಡ್ರೈವರ್ ಹಾಕುವುದು ಬೇಡವೆಂದು ನಮ್ಮ ಕಂಪ್ಯೂಟರ್ ಎಂಜಿನಿಯರ್ ಸಿದ್ದರಾಜು ಒಂದು ಸ್ಕ್ರಿಪ್ಟ್ ಬರೆದರು. ಅದರ ತಿರುಳು ಒಂದೇ ಸಾಲು: pnputil /add-driver *.inf /subdirs /install. ಕೊಟ್ಟ ಫೋಲ್ಡರ್ ಮತ್ತು ಅದರ ಒಳಫೋಲ್ಡರ್‌ಗಳಲ್ಲಿರುವ ಡ್ರೈವರ್‌ಗಳನ್ನೆಲ್ಲ ಹುಡುಕಿ ಗಣಕಕ್ಕೆ ಸೇರಿಸಿ, ಹೊಂದುವ ಸಾಧನಕ್ಕೆ ಅಳವಡಿಸು ಎಂದು ಇದರ ಅರ್ಥ. ಪ್ರತಿ ಪರದೆಯ ಮೇಲೂ ಯಶಸ್ವಿಯಾಗಿ ಸೇರಿಸಲಾಗಿದೆ ಎಂಬ ಸಂದೇಶ ಬಂತು.

“ಒಂದು ಕಾಫಿ ಕುಡಿಯೋಷ್ಟರಲ್ಲಿ ಎಲ್ಲಾ ಮುಗಿಸ್ಬುಟ್ಟೆ ಮೇಡಂ,” ಎಂದರು ಸಿದ್ದರಾಜು.

ಧ್ವನಿಮಾಪಕವಿಟ್ಟು ಅಳೆದದ್ದು ಒಂದು ಲ್ಯಾಪ್‌ಟಾಪ್ ಮಾತ್ರ. ಎಲ್ಲವೂ ಒಂದೇ ಮಾದರಿಯವು, ಒಂದೇ ಸ್ಕ್ರಿಪ್ಟ್‌ನಿಂದ ಸಿದ್ಧವಾದವು ಎಂಬ ಭರವಸೆಯಲ್ಲಿ ಉಳಿದವುಗಳಲ್ಲಿ ನಾದ ಬರುತ್ತಿದೆಯೇ ಎಂದು ಕಿವಿಯಿಂದ ಕೇಳಿ ತೃಪ್ತರಾದೆವು. ತಪಾಸಣೆ ಆರಂಭವಾಯಿತು.

ಕೆಲವು ವಾರಗಳ ಬಳಿಕ ಅಶೋಕಪುರಂನಲ್ಲಿ ಬಟ್ಟೆ ಹೊಲಿಯುವ ಜಯಮ್ಮ ಎಂಬವರು ನಾಲ್ಕನೇ ತರಗತಿಯ ಮಗಳು ಚೈತ್ರಾಳನ್ನು ಕರೆದುಕೊಂಡು ನೇರವಾಗಿ ಕೇಂದ್ರಕ್ಕೆ ಬಂದರು. ಚೈತ್ರಾಳ ಶ್ರವಣ ಸಾಮಾನ್ಯವಾಗಿದೆ ಎಂದು ನಾವು ವರದಿ ಕೊಟ್ಟಿದ್ದೆವು.

“ಎಂಗೆ ಸರಿಯಾಗಿ ಅದೆ ಅಂತೀರಿ? ಹಿಂದ್ಗಡೆಯಿಂದ ಕೂಗಿದ್ರೆ ತಿರುಗಲ್ಲ ಕಣಮ್ಮ. ಮೊದ್ಲು ಟೀಚರು ಮಂಕು ಅಂತಿದ್ರು. ಈಗ ನಿಮ್ ರಿಪೋರ್ಟ್ ನೋಡಿ ಕಿವಿ ಚೆನ್ನಾಗಿ ಅದೆ, ಬೇಕೂಂತ್ಲೇ ಮಾಡ್ತಾಳೆ, ಕೊಬ್ಬು ಅಂತ ದಿನಾ ಬೆಂಚ್ ಮೇಲೆ ನಿಲ್ಲಿಸ್ತಾವ್ರೆ.”

ಸಿದ್ದರಾಜು ಸಮಾಧಾನ ಹೇಳಲು ಹೋದರು. “ಮಕ್ಳು ಒಂದೊಂದ್ಸಲ ಆಟ ಆಡ್ತಾರೆ ಕಣಕ್ಕ. ಮಿಷನ್ ಸುಳ್ಳು ಹೇಳಲ್ಲ.”

“ನಿಮ್ಮ ಮಿಷನ್‌ಗೆ ಕೇಳಿಸ್ತಿರ್ಬೋದು ಕಣಣ್ಣ. ನನ್ನ ಮಗಳಿಗೆ ಕೇಳಲ್ಲ.”

ಅವರನ್ನು ಕೂರಿಸಿ, ಚೈತ್ರಾಳನ್ನು ಪರೀಕ್ಷಿಸಿದ್ದ ಲ್ಯಾಪ್‌ಟಾಪನ್ನೇ ತರಿಸಿ ಹೆಡ್‌ಫೋನಿಗೆ ಧ್ವನಿಮಾಪಕ ಇಟ್ಟೆ. ಪರದೆ ಮೆಲುನಾದವೆಂದು ತೋರಿಸುತ್ತಿದ್ದರೆ ಮಾಪಕದ ಅಂಕಿ ಅದಕ್ಕಿಂತ ಬಹಳ ಮೇಲಿತ್ತು. ಮೊದಲೇ ಅಳೆದಿದ್ದ ಲ್ಯಾಪ್‌ಟಾಪ್‌ನಲ್ಲಿ ಎರಡೂ ಹೊಂದುತ್ತಿದ್ದವು. ಹಾಗಾದರೆ ಎಷ್ಟು ಮಕ್ಕಳನ್ನು ಹೀಗೆ ಚೆನ್ನಾಗಿ ಕೇಳಿಸುತ್ತದೆಂದು ಮನೆಗೆ ಕಳಿಸಿದ್ದೇವೆ?

ಎರಡೂ ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಇರಿಸಿ, ಆಡಿಯೋ ಪೆಟ್ಟಿಗೆಯನ್ನು ನಡೆಸುತ್ತಿರುವ ಡ್ರೈವರ್ ಯಾವುದೆಂದು ತೋರಿಸಲು ಸಿದ್ದರಾಜುಗೆ ಹೇಳಿದೆ. ನಾನು ದಿನಾಂಕದ ಅಂಕಣವನ್ನೇ ಮೊದಲು ಓದುವುದನ್ನು ಕಂಡು, “ಜಾತಕ ನೋಡೋ ಹಾಗೆ ತಾರೀಖು ನೋಡ್ತೀರಲ್ಲ ಮೇಡಂ,” ಎಂದು ನಕ್ಕ ಸಿದ್ದರಾಜು, ಎರಡನೆಯ ಪರದೆಗೆ ಬಾಗಿ ತಾರೀಖನ್ನು ಮತ್ತೊಮ್ಮೆ ಓದಿದರು. ತಾರೀಖುಗಳು ಬೇರೆಯಾಗಿದ್ದವು. ಕೆಲವು ಲ್ಯಾಪ್‌ಟಾಪ್‌ಗಳು ಅಂತರಜಾಲಕ್ಕೆ ಸಂಪರ್ಕಗೊಂಡಾಗ ಇನ್ನೂ ಹೊಸ ಡ್ರೈವರೊಂದನ್ನು ತಾವಾಗಿಯೇ ಪಡೆದುಕೊಂಡಿದ್ದವು. ಒಂದೇ ಸಾಧನಕ್ಕೆ ಎರಡು ಡ್ರೈವರ್‌ಗಳು ಸಮನಾಗಿ ಹೊಂದಿದರೆ ಗಣಕ ಈಚಿನ ತಾರೀಖಿನದನ್ನು ಆರಿಸುತ್ತದೆ. ನಮ್ಮ ಡ್ರೈವರ್ ಯಶಸ್ವಿಯಾಗಿ ಸೇರಿತ್ತು ನಿಜ; ಆದರೆ ಗಣಕದ ಉಗ್ರಾಣದಲ್ಲಿ ಬಳಕೆಯಾಗದೆ ಸುಮ್ಮನೆ ಬಿದ್ದಿತ್ತು. ಹೊಸದು ಮೆಲು ಧ್ವನಿಯನ್ನು ತಾನಾಗಿ ಎತ್ತಿಕೊಡುತ್ತಿತ್ತು. ಸಂಗೀತ ಕೇಳುವವರಿಗೆ ಅದು ಅನುಕೂಲ. ನಮ್ಮ ಪರೀಕ್ಷೆಗೆ ಮಾರಕ.

ಹೊಸದನ್ನು ತೆಗೆದು ಹಳೆಯದನ್ನೇ ಉಳಿಸಬೇಕಿತ್ತು. ಆತುರದಲ್ಲಿ ಸಿದ್ದರಾಜು, ಡ್ರೈವರ್‌ಗೆ ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದ ಸಂಖ್ಯೆಯನ್ನೇ ಅಳಿಸುವ ಆಜ್ಞೆಯಲ್ಲಿ ಬರೆದು ಇನ್ನೊಂದರಲ್ಲಿ ಓಡಿಸಿದರು. ಆ ಸಂಖ್ಯೆಯನ್ನು ಪ್ರತಿ ಗಣಕವೂ ತನ್ನದೇ ಸರದಿಯಲ್ಲಿ ಕೊಡುತ್ತದೆ. ಇಲ್ಲಿ ಅದೇ ಸಂಖ್ಯೆ ಬೇರೊಂದರದಾಗಿತ್ತು; ಅಳಿಸಿಹೋದದ್ದು ವೈಫೈ ಡ್ರೈವರ್.

“ಆಡಿಯೋ ಸರಿ ಮಾಡೋಕೋಗಿ ನೆಟ್ಟೇ ಕಳ್ಕೊಂಡ್ವಲ್ಲ!” ಎಂದರು ಸಿದ್ದರಾಜು.

“ಅಷ್ಟಕ್ಕೇ ನಿಂತಿತಲ್ಲ, ಪುಣ್ಯ. ನಿಧಾನ ಮಾಡಿ,” ಎಂದೆ. ನನಗೇ ನಿಧಾನವಿರಲಿಲ್ಲ, ಹೊರಗಿನ ಬೆಂಚಿನಲ್ಲಿ ಜಯಮ್ಮ ಕಾಯುತ್ತಿದ್ದರು.

ಮೂಲ ಕಡತದ ಹೆಸರಿನಿಂದ ಡ್ರೈವರನ್ನು ಗುರುತಿಸಿ, ಹೊಸದನ್ನು ತೆಗೆದು, ನಮ್ಮದನ್ನು ಅಳವಡಿಸಿ, ಕೊನೆಗೆ ಸಾಧನವನ್ನು ನಡೆಸುತ್ತಿರುವುದು ಯಾವುದೆಂದು ತಾನೇ ತೋರಿಸುವಂತೆ ಸ್ಕ್ರಿಪ್ಟ್ ತಿದ್ದಿದೆವು. ಡ್ರೈವರ್‌ಗಳು ತಾವಾಗಿ ಬದಲಾಗದಂತೆ ತಡೆದೆವು. ಧ್ವನಿಮಾಪಕ ಒಪ್ಪಿದ ಮೇಲೆ ಚೈತ್ರಾಳನ್ನು ಒಳಗೆ ಕರೆದೆ.

ಹೆಡ್‌ಫೋನ್ ಹಾಕಿಕೊಂಡು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾದಗಳು ಒಂದರ ಹಿಂದೊಂದು ಹೋದವು. ಅವಳ ಕೈ ಮೇಲೇಳಲಿಲ್ಲ. ಧ್ವನಿ ಹೆಚ್ಚಿಸುತ್ತ ಹೋದಂತೆ ಕೊನೆಗೊಮ್ಮೆ ಎತ್ತಿ ನಕ್ಕಳು. ಎರಡೂ ಕಿವಿಗಳಲ್ಲಿ ಶ್ರವಣದೋಷವಿತ್ತು.

“ನೀವು ಹೇಳಿದ್ದೇ ಸರಿ, ಜಯಮ್ಮ,” ಎಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನನ್ ಮಾತೇ ಸುಳ್ಳಾಗ್ಲಿ ಅಂತ ಬೇಡ್ಕೊಂಡು ಬಂದಿದ್ದೆ ಕಣಮ್ಮ.”

ಶ್ರವಣಯಂತ್ರಕ್ಕೆ ಶಿಫಾರಸು ಬರೆದು, ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ಹಿಂದಿನ ವರದಿಯನ್ನು ಹಿಂಪಡೆದೆ. ಅಂದಿನಿಂದ ಚೈತ್ರಾ ಮುಂದಿನ ಸಾಲಿನಲ್ಲಿ ಕುಳಿತಳು. ತಪ್ಪು ಡ್ರೈವರ್‌ನಲ್ಲಿ ಪರೀಕ್ಷೆಯಾಗಿದ್ದ ಉಳಿದ ಮಕ್ಕಳನ್ನೂ ಶಾಲೆ ಶಾಲೆಗೆ ಹೋಗಿ ಮತ್ತೆ ಪರೀಕ್ಷಿಸಿದೆವು. ಇನ್ನೂ ಇಬ್ಬರಲ್ಲಿ ದೋಷ ಕಂಡಿತು. ಅವರ ಮನೆಗಳಿಂದ ಯಾರೂ ಜಗಳಕ್ಕೆ ಬಂದಿರಲಿಲ್ಲ.

ಒಬ್ಬ ಹುಡುಗ ಮಾತ್ರ ಸಿಗಲಿಲ್ಲ. ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಅವನ ತಂದೆ ಗಾರೆ ಕೆಲಸ ಮಾಡುತ್ತಿದ್ದರಂತೆ. ಮನೆ ಕಟ್ಟಿ ಮುಗಿದ ಮೇಲೆ ಅವರ ಸಂಸಾರ ಬೇರೆಡೆಗೆ ಹೋಗಿತ್ತು. ಸಿದ್ದರಾಜು ಆ ಬೀದಿಗೆ ಹಲವು ಸಲ ಹೋಗಿ ವಿಚಾರಿಸಿ ಬಂದರು. ಅವನಿಗೆ ಚೆನ್ನಾಗಿ ಕೇಳಿಸುತ್ತಿದ್ದಿರಲೂಬಹುದು, ನನಗೆ ಗೊತ್ತಿಲ್ಲ. ಆಜ್ಞೆ ಯಶಸ್ವಿಯಾಯಿತೆಂದು ಪರದೆ ಹೇಳುವುದು ಗಣಕದ ವಿಚಾರವನ್ನಷ್ಟೇ, ಮಗುವಿನ ಕಿವಿಗೆ ಏನು ತಲುಪಿತೆಂಬುದನ್ನು ಆ ಕಿವಿಯ ಬಳಿಯೇ ಅಳೆಯಬೇಕು ಎಂದು ವೃತ್ತಿ ನನಗೆ ಕಲಿಸಿತು. ಆ ಹುಡುಗನ ಕೈಯಲ್ಲಿ ಮಾತ್ರ, ಎಲ್ಲವೂ ಸರಿಯಾಗಿದೆ ಎಂದು ನಾವು ಕೊಟ್ಟ ವರದಿ ಹಾಗೆಯೇ ಉಳಿದಿದೆ.